ಮಕ್ಕಳ ಓದಿಗೆ ದಿನಚರಿಗಳು: ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು?

ಸರಸ್ವತಿಪುರಂ ತಾಯಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 12 ವರ್ಷದ ಮಗಳು ಮತ್ತು 8 ವರ್ಷದ ಮಗ ಇಬ್ಬರೂ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುತ್ತಿದ್ದಾರೆ. ಮೂರು ನಾಲ್ಕು ತಿಂಗಳಿಗೊಮ್ಮೆ ಒಂದು ವಿಷಯವನ್ನು ಹಿಡಿದು, ಭಾಷೆ, ಇತಿಹಾಸ, ಭೂಗೋಳ ಎಲ್ಲವನ್ನೂ ಅದರ ಸುತ್ತಲೇ ಓದಿಸುವುದು ನಾವು ರೂಢಿಸಿಕೊಂಡ ಪದ್ಧತಿ. ಈ ಬಾರಿ ದಸರಾ ಕಳೆದ ಮೇಲೆ ಸಂಕ್ರಾಂತಿಯವರೆಗೆ ದಿನಚರಿಗಳನ್ನು ಓದಿಸಬೇಕೆಂದು ಯೋಚಿಸಿದ್ದೇನೆ.

ನನ್ನ ತೊಡಕುಗಳು ಮೂರು. ಹುಡುಕಿದಲ್ಲೆಲ್ಲ ಸಿಗುವ ಪಟ್ಟಿಗಳು ಪರದೇಶದ ಮಕ್ಕಳಿಗಾಗಿ ಮಾಡಿದವು. ನಮ್ಮ ಸುತ್ತಮುತ್ತಲಿನ ನೆಲದ ಬಗ್ಗೆ ಅವುಗಳಲ್ಲಿ ಒಂದು ಸಾಲೂ ಇಲ್ಲ. ಎರಡನೆಯದಾಗಿ, ಓದುವುದರ ಜೊತೆಗೆ ಮಕ್ಕಳೂ ದಿನಚರಿ ಬರೆಯಲೇಬೇಕೆಂದು ಹೇಳಬೇಕೇ ಬೇಡವೇ ಎಂಬುದು ತಿಳಿಯುತ್ತಿಲ್ಲ. ಮೂರನೆಯದು ನಮ್ಮ ಮಾವನವರ ಆಕ್ಷೇಪ. "ಇನ್ನೊಬ್ಬರ ಡೈರಿ ಮುಟ್ಟಬಾರದು ಎಂದು ನಾವೇ ಹೇಳಿಕೊಟ್ಟು, ಈಗ ಅದನ್ನೇ ಪಾಠ ಮಾಡಿಸುತ್ತೀಯೇನಮ್ಮ?" ಎಂದು ಅವರು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಲೈಬ್ರರಿ ಇಲಿ

ಮಗಳಿಗೆ, ನಾಜಿಗಳಿಂದ ತಪ್ಪಿಸಿಕೊಳ್ಳಲು ಹಾಲೆಂಡಿನಲ್ಲಿ ಅಡಗಿದ್ದ ಯೆಹೂದಿ ಹುಡುಗಿ ಆನ್ ಫ್ರಾಂಕ್ ಬರೆದ ದಿನಚರಿ ಕೊಡಿ, ಬೇರೆ ಯೋಚನೆಯೇ ಬೇಡ. 1942ರ ಜೂನ್ 12ರಂದು, ತನ್ನ ಹದಿಮೂರನೆಯ ಹುಟ್ಟುಹಬ್ಬಕ್ಕೆ ಆಕೆಗೆ ದಿನಚರಿ ಬರೆಯುವ ಖಾಲಿ ಪುಸ್ತಕ ಉಡುಗೊರೆಯಾಗಿ ಬಂತು. ನಿಮ್ಮ ಮಗಳ ವಯಸ್ಸೂ ಹೆಚ್ಚುಕಡಿಮೆ ಅದೇ.

ವಿಜಯನಗರ ಮೂರನೇ ಹಂತ

ದಿನಚರಿ ಎಂದ ಕೂಡಲೇ ಎಲ್ಲರೂ ಆನ್ ಫ್ರಾಂಕ್ ಹೆಸರನ್ನೇ ಹೇಳುತ್ತಾರೆ. ನನ್ನ ಆಕ್ಷೇಪ ಪುಸ್ತಕದ ಬಗ್ಗೆ ಅಲ್ಲ, ಅದನ್ನು ಕೊಡುವ ರೀತಿಯ ಬಗ್ಗೆ. ನಾಜಿಗಳು ಯಾರು, ಯೆಹೂದಿಗಳನ್ನು ಯಾಕೆ ಹುಡುಕುತ್ತಿದ್ದರು, ಹಾಲೆಂಡ್ ಯಾರ ವಶದಲ್ಲಿತ್ತು ಎಂಬ ಯಾವುದೂ ಗೊತ್ತಿಲ್ಲದ ಮಗುವಿನ ಕೈಗೆ ಅದನ್ನು ಕೊಟ್ಟರೆ, ಒಂದು ಹುಡುಗಿ ಅಮ್ಮನ ಮೇಲೆ ಮುನಿಸಿಕೊಂಡ ಕಥೆಯಾಗಿ ಅದು ಮುಗಿದುಹೋಗುತ್ತದೆ. ಇನ್ನೊಂದು ಮಾತು: ದಿನಚರಿ 1944ರ ಆಗಸ್ಟ್ 1ಕ್ಕೆ ನಿಂತುಬಿಡುತ್ತದೆ. ಮೂರು ದಿನಗಳ ನಂತರ ಅಡಗಿದ್ದ ಆಕೆಯ ಕುಟುಂಬದ ಬಂಧನವಾಯಿತು, ಮುಂದಿನ ವರ್ಷದ ಆರಂಭದಲ್ಲಿ ಬರ್ಗೆನ್-ಬೆಲ್ಸನ್ ಶಿಬಿರದಲ್ಲಿ ಆಕೆ ತೀರಿಕೊಂಡಳು. ಆ ಕೊನೆಯ ಭಾಗವನ್ನು ಪುಸ್ತಕ ಹೇಳುವುದಿಲ್ಲ, ತಾಯಿಯೇ ಹೇಳಬೇಕು. ಅದಕ್ಕೆ ಸಿದ್ಧರಿದ್ದೀರಾ?

ಸರಸ್ವತಿಪುರಂ ತಾಯಿ

ಮಗಳಿಗೆ ಹೇಳಲು ಸಿದ್ಧಳಿದ್ದೇನೆ. ಎಂಟು ವರ್ಷದವನು ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನಲ್ಲ, ಅದೇ ಯೋಚನೆ.

ಪಾಂಡವಪುರದ ಮೇಷ್ಟ್ರು

ಅಮ್ಮಾ, ಹಾಲೆಂಡಿಗೆ ಹೋಗುವ ಮೊದಲು ಒಮ್ಮೆ ಶ್ರೀರಂಗಪಟ್ಟಣಕ್ಕೆ ಬನ್ನಿ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್‌ಲೆಂಡಿನ ವೈದ್ಯನೊಬ್ಬ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟು ಮೈಸೂರು, ಕರಾವಳಿಯ ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿ, ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದ. 1807ರಲ್ಲಿ ಅದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಪೂರ್ತಿ ಓದಿಸಬೇಡಿ, ದೊಡ್ಡವರಿಗೇ ಆಕಳಿಕೆ ಬರುತ್ತದೆ. ಶ್ರೀರಂಗಪಟ್ಟಣದ ಸುತ್ತಲಿನ ಬೇಸಾಯದ ಪುಟಗಳನ್ನು ಆರಿಸಿಕೊಳ್ಳಿ. ರಾಗಿ ಹೊಲವನ್ನು ಹೇಗೆ ಹದ ಮಾಡುತ್ತಿದ್ದರು, ಸಾಲುಗಳ ನಡುವೆ ಅವರೆ ತೊಗರಿಗಳನ್ನು ಹೇಗೆ ಹಾಕುತ್ತಿದ್ದರು, ನೇಗಿಲು ಕುಂಟೆಗಳು ಹೇಗಿದ್ದವು ಎಂಬುದನ್ನು ಅವನು ಬರೆದದ್ದಷ್ಟೇ ಅಲ್ಲ, ಸಲಕರಣೆಗಳ ಚಿತ್ರಗಳೂ ಇವೆ. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವವರನ್ನೂ, ವಾದ್ಯಗಳ ತಂತಿಗೆಂದು ಉಕ್ಕಿನ ಸರಿಗೆ ಎಳೆಯುವವರನ್ನೂ ಅವನು ಕಂಡ. ನಿಮ್ಮ ಮಕ್ಕಳು ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ಮಾತ್ರ ನೋಡಿರುತ್ತಾರೆ. ಅದೇ ಊರಿನಿಂದ ಒಂದು ಕಾಲಕ್ಕೆ ವೀಣೆಯ ತಂತಿ ದೂರದೂರಿಗೆ ಹೋಗುತ್ತಿತ್ತು ಎಂದರೆ ಕಣ್ಣರಳಿಸುತ್ತಾರೆ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅವನ ಒಂದು ಪುಟವನ್ನು ಕನ್ನಡಕ್ಕೆ ಬರೆದುಕೊಂಡು ಹೋಗಿ, ನಮ್ಮ ಊರಿನ ಹಿರಿಯ ರೈತರ ಮುಂದೆ ಮಕ್ಕಳಿಂದ ಓದಿಸುತ್ತಿದ್ದೆ. "ಇದು ಸರಿ, ಇದನ್ನು ಯಾರೋ ಅವನಿಗೆ ತಪ್ಪು ಹೇಳಿದ್ದಾರೆ" ಎಂದು ಅವರು ತಿದ್ದುತ್ತಿದ್ದರು. ಅಚ್ಚಾದ ಪುಸ್ತಕವನ್ನೂ ತಿದ್ದಬಹುದು ಎಂಬುದು ಮಕ್ಕಳಿಗೆ ಅಲ್ಲಿಯೇ ಮೊದಲು ಗೊತ್ತಾಗುತ್ತಿತ್ತು.

ವಿಜಯನಗರ ಮೂರನೇ ಹಂತ

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ಅದು ದಿನಚರಿ ಹೇಗಾಗುತ್ತದೆ? ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಕಂದಾಯ ಎತ್ತಬಹುದು ಎಂದು ತಿಳಿದುಕೊಳ್ಳಲು ಕಂಪನಿಯು ಮಾಡಿಸಿದ ತನಿಖೆ ಅದು. ಆನ್ ಫ್ರಾಂಕ್ ಬರೆದದ್ದನ್ನೂ ಇದನ್ನೂ ಒಂದೇ ಗುಂಪಿಗೆ ಸೇರಿಸಿದರೆ ಮಕ್ಕಳಿಗೆ ಗೊಂದಲವಾಗುವುದಿಲ್ಲವೇ?

ಹಳೆ ಕಡತ

ಗೊಂದಲವಾಗಲಿ ಬಿಡಿ, ಅದನ್ನು ಬಿಡಿಸುವುದೇ ಪಾಠ. ನಾನು ಹಳೆಯ ಕಾಗದಪತ್ರಗಳ ನಡುವೆ ಕೆಲಸ ಮಾಡುವವನು. ತಾರೀಖು ಹಾಕಿ ಬರೆದ ಯಾವುದೇ ಪುಟ ಕೈಗೆ ಬಂದರೂ ನಾವು ಮೊದಲು ಕೇಳುವುದು ಇದನ್ನು ಯಾರು, ಯಾರ ಓದಿಗಾಗಿ, ಯಾರ ಖರ್ಚಿನಲ್ಲಿ ಬರೆದರು ಎಂದು. ಬುಕಾನನ್ ಬರೆದದ್ದು ಯಜಮಾನರಿಗಾಗಿ. ಪುದುಚೇರಿಯಲ್ಲಿ ಫ್ರೆಂಚರ ದುಬಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದದ್ದು ತನಗಾಗಿ. ಹಡಗು ಬಂದದ್ದು, ಸರಕಿನ ಬೆಲೆ, ಗವರ್ನರ್ ಡ್ಯೂಪ್ಲೆ ಆಡಿದ ಮಾತು, ಯಾರು ಯಾರ ಮೇಲೆ ಚಾಡಿ ಹೇಳಿದರು ಎಂಬುದೆಲ್ಲ ಅದರಲ್ಲಿದೆ. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿಯವರು 1917ರಿಂದ 1942ರವರೆಗೆ ದಿನಚರಿ ಇಟ್ಟರು, ಅದರ ತುಂಬ ಗಾಂಧೀಜಿಯೇ ಇದ್ದಾರೆ. ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಒಂದೊಂದು ಪುಟ ಓದಿದರೆ, ಬರೆಯುವವನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಎಂಬುದು 12 ವರ್ಷದ ಹುಡುಗಿಗೆ ಖಂಡಿತ ತಿಳಿಯುತ್ತದೆ.

ಇನ್ನು ಶ್ರೀರಂಗಪಟ್ಟಣದ ಮಾತು ಬಂದಿರುವುದರಿಂದ, ಬುಕಾನನ್‌ಗಿಂತ ಮಕ್ಕಳಿಗೆ ಹಿಡಿಸುವ ಇನ್ನೊಂದು ಇದೆ. ಟಿಪ್ಪು ಸುಲ್ತಾನ್ ತನ್ನ ಕನಸುಗಳನ್ನು ಪಾರ್ಸಿಯಲ್ಲಿ ಸ್ವಂತ ಕೈಬರಹದಲ್ಲಿ ಬರೆದಿಟ್ಟಿದ್ದ. ಒಟ್ಟು 37 ಕನಸುಗಳು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅರಮನೆಯ ಮಲಗುವ ಕೋಣೆಯಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್‌ಗೆ ಆ ಪುಸ್ತಕ ಸಿಕ್ಕಿತು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಚೀನಾದಿಂದ ರಾಯಭಾರಿಗಳು ಬಿಳಿ ಆನೆಯನ್ನು ತಂದ ಕನಸೂ ಅದರಲ್ಲಿದೆ. ಗಿರೀಶ ಕಾರ್ನಾಡರು ಇದೇ ಕನಸುಗಳ ಮೇಲೆ ನಾಟಕ ಬರೆದರು.

ಗಂಜಾಂ ಹುಡುಗ

ಟಿಪ್ಪು ವಿಷಯ ಎತ್ತಿದಿರಿ, ಇನ್ನು ಈ ಚರ್ಚೆ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತಿದೆ.

ಇಂಜಿನಿಯರ್ ಅಪ್ಪ

ಹೋಗುವುದು ಬೇಡ. ಆತ ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ. ಆದರೂ ನನಗೊಂದು ಪ್ರಶ್ನೆ ಇದೆ. ಮಲಗುವ ಕೋಣೆಯಲ್ಲಿ ಯಾರಿಗೂ ಕಾಣದಂತೆ ಇಟ್ಟಿದ್ದ ಪುಸ್ತಕವನ್ನು ಗೆದ್ದವರು ಎತ್ತಿಕೊಂಡು ಹೋಗಿ ಓದಿದರು. ಚರ್ಚೆ ಆರಂಭಿಸಿದ ಮೇಡಂ ಅವರ ಮಾವನವರು ಕೇಳಿದ್ದೂ ಇದನ್ನೇ ಅಲ್ಲವೇ? ಅದನ್ನು ಓದುವ ಹಕ್ಕು ನಮಗೆ ಎಲ್ಲಿಂದ ಬಂತು?

ಹಳೆ ಕಡತ

ಸತ್ತು ಇನ್ನೂರು ವರ್ಷವಾದವರ ಬರಹಕ್ಕೂ, ಪಕ್ಕದ ಕೋಣೆಯಲ್ಲಿ ಮಲಗಿರುವ ಮಗಳ ಪುಸ್ತಕಕ್ಕೂ ಒಂದೇ ನಿಯಮ ಹಾಕಬೇಕಾಗಿಲ್ಲ. ಆದರೆ ಪ್ರಶ್ನೆ ಚೆನ್ನಾಗಿದೆ, ಮಗಳಿಗೇ ಕೇಳಿ ನೋಡಿ. ಆನ್ ಫ್ರಾಂಕ್ ವಿಷಯದಲ್ಲಿ ಉತ್ತರ ಇನ್ನೂ ಕುತೂಹಲದ್ದು. 1944ರ ಮಾರ್ಚ್ 28ರಂದು, ದೇಶ ಬಿಟ್ಟು ಲಂಡನ್ನಿನಲ್ಲಿದ್ದ ಡಚ್ ಸರ್ಕಾರದ ಮಂತ್ರಿಯೊಬ್ಬರು ರೇಡಿಯೊದಲ್ಲಿ ಮಾತನಾಡಿ, ಯುದ್ಧಕಾಲದ ಸಾಮಾನ್ಯ ಜನರ ಪತ್ರ, ದಿನಚರಿಗಳನ್ನು ಮುಂದೆ ಸಂಗ್ರಹಿಸಲಾಗುವುದು ಎಂದರು. ಅದನ್ನು ಕೇಳಿದ ಆಕೆ ತನ್ನ ದಿನಚರಿಯನ್ನು ಬಿಡಿ ಹಾಳೆಗಳ ಮೇಲೆ ಮತ್ತೆ ಬರೆಯತೊಡಗಿದಳು. ಕೆಲವು ಕಡೆ ಕಡಿಮೆ ಮಾಡಿದಳು, ಕೆಲವು ಕಡೆ ಸೇರಿಸಿದಳು. ಆಕೆ ಸತ್ತ ಮೇಲೆ ತಂದೆ ಓಟೊ ಫ್ರಾಂಕ್ ಎರಡನ್ನೂ ಸೇರಿಸಿ, ತಮಗೆ ಬೇಡವೆನಿಸಿದ್ದನ್ನು ತೆಗೆದು 1947ರಲ್ಲಿ ಪ್ರಕಟಿಸಿದರು. ಹಾಗಾಗಿ ಅದು ಗುಟ್ಟಾಗಿ ಉಳಿಯಬೇಕೆಂದು ಆಕೆಯೇ ಬಯಸಿರಲಿಲ್ಲ, ಆದರೆ ಆಕೆ ಬಯಸಿದ ರೂಪದಲ್ಲೂ ಅದು ಹೊರಬರಲಿಲ್ಲ.

ಲೈಬ್ರರಿ ಇಲಿ

ಈ ಎರಡನೆಯ ಪ್ರತಿಯ ವಿಷಯವನ್ನು ಮಕ್ಕಳಿಗೆ ಹೇಳಲೇಬೇಕು. ದಿನಚರಿ ಎಂದರೆ ಮನಸ್ಸಿಗೆ ಬಂದದ್ದನ್ನು ಗೀಚಿ ಮುಚ್ಚಿಡುವುದು ಎಂದುಕೊಂಡಿರುತ್ತಾರೆ, ಹದಿನಾಲ್ಕು ವರ್ಷದವಳೊಬ್ಬಳು ಕೂತು ತಿದ್ದಿ ಬರೆದಳು ಎಂದು ಗೊತ್ತಾದರೆ ಪ್ರಬಂಧ ತಿದ್ದಲು ಹೇಳಿದಾಗ ಮುಖ ಸಿಂಡರಿಸುವುದಾದರೂ ಕಡಿಮೆಯಾದೀತು.

ಕುಕ್ಕರಹಳ್ಳಿ ದಂಡೆ

ಎಂಟು ವರ್ಷದವನನ್ನು ಎಲ್ಲರೂ ಮರೆತಿದ್ದೀರಿ. ಅವನಿಗೆ ಯುದ್ಧ, ಕೋಟೆ, ಸೆರೆ ಯಾವುದೂ ಬೇಡ, ಜಹಾಂಗೀರನ ಸಾರಸಗಳನ್ನು ಕೊಡಿ.

ಮೊಗಲ್ ದೊರೆ ಜಹಾಂಗೀರ್ ಪಾರ್ಸಿಯಲ್ಲಿ ಬರೆದಿಟ್ಟ ನೆನಪುಗಳಲ್ಲಿ ಅವನು ಸಾಕಿದ ಒಂದು ಜೊತೆ ಸಾರಸ ಕೊಕ್ಕರೆಗಳ ವಿಷಯವಿದೆ. ಅವುಗಳಿಗೆ ಲೈಲಾ, ಮಜ್ನೂ ಎಂದು ಹೆಸರು. ಅವು ಜೊತೆಯಾದದ್ದು, ಮೊಟ್ಟೆ ಇಟ್ಟದ್ದು, ಮರಿಯಾದದ್ದು ಎಲ್ಲವನ್ನೂ ಅವನು ಗಮನಿಸಿ ಬರೆದಿದ್ದಾನೆ. ರಾತ್ರಿಯೆಲ್ಲ ಹೆಣ್ಣು ಮೊಟ್ಟೆಯ ಮೇಲೆ ಕೂತಿದ್ದರೆ ಗಂಡು ಪಕ್ಕದಲ್ಲಿ ನಿಂತು ಕಾಯುತ್ತಿತ್ತು. ಬೆಳಗಾದಾಗ ಗಂಡು ಬಂದು ಹೆಣ್ಣಿನ ಬೆನ್ನನ್ನು ಕೊಕ್ಕಿನಿಂದ ಕೆರೆದು ಎಬ್ಬಿಸಿ ತಾನು ಕೂರುತ್ತಿತ್ತು. ಇಡೀ ಹಿಂದುಸ್ತಾನದ ಬಾದಶಹ ಹಕ್ಕಿ ಗೂಡಿನ ಮುಂದೆ ಕೂತು ಪಾಳಿ ಲೆಕ್ಕ ಇಟ್ಟ ಎಂದರೆ ಯಾವ ಮಗು ಕೇಳುವುದಿಲ್ಲ?

ಇದನ್ನು ಓದಿ ಹೇಳಿದ ಮೇಲೆ ಮಗುವಿಗೆ ಒಂದು ಪುಸ್ತಕ, ಒಂದು ಪೆನ್ಸಿಲ್ ಕೊಟ್ಟು ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಕರೆದುಕೊಂಡು ಹೋಗಿ. ಹಕ್ಕಿಯ ಹೆಸರು ಗೊತ್ತಿರಲೇಬೇಕೆಂದೇನೂ ಇಲ್ಲ. ತಾರೀಖು, ಹೊತ್ತು, ಮೋಡವೋ ಬಿಸಿಲೋ, ಹಕ್ಕಿ ಏನು ಮಾಡುತ್ತಿತ್ತು, ಇಷ್ಟು ಬರೆದರೆ ಸಾಕು. ನನ್ನ ತಮ್ಮನ ಮಗ ಒಂದು ನೀರುಕಾಗೆಯ ಬಗ್ಗೆ ಬರೆದದ್ದು ಹೀಗಿದೆ: "ರೆಕ್ಕೆ ಅಗಲ ಮಾಡಿ ಕಲ್ಲಿನ ಮೇಲೆ ನಿಂತಿದೆ. ಹಾರುತ್ತಿಲ್ಲ. ಬಟ್ಟೆ ಒಣಗಿಸುತ್ತಿರಬೇಕು." ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಹಕ್ಕಿ ಮಾಡುತ್ತಿದ್ದದ್ದು ಅದನ್ನೇ. ಡಿಸೆಂಬರ್ ಮುಗಿದ ಮೇಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಬಹುದು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ, ದುರ್ಬೀನು ಇಲ್ಲದಿದ್ದರೂ ಜಹಾಂಗೀರ್ ನೋಡಿದಷ್ಟು ಹತ್ತಿರದಿಂದ ನೋಡಬಹುದು.

ಮದ್ದೂರು ಸೊಸೆ

ಅಕ್ಕಾ, ನಮ್ಮ ಊರಿನ ಹೆಸರು ಬಂದದ್ದಕ್ಕೆ ಸಂತೋಷ. ಬರೆಯಲೇಬೇಕೆಂದು ಬಲವಂತ ಮಾಡಬೇಕೇ ಎಂಬ ಪ್ರಶ್ನೆಗೆ ಮಾತ್ರ ನನ್ನ ಉತ್ತರ ಖಡಾಖಂಡಿತ: ಬೇಡ. ನಾನು ಓದಿದ ಶಾಲೆಯಲ್ಲಿ ಪ್ರತಿದಿನ ಒಂದು ಪುಟ ದಿನಚರಿ ಬರೆದು ಸೋಮವಾರ ತೋರಿಸಬೇಕಿತ್ತು. ನಾವೆಲ್ಲ ಭಾನುವಾರ ರಾತ್ರಿ ಕೂತು "ಬೆಳಿಗ್ಗೆ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ" ಎಂದು ವಾರಕ್ಕಾಗುವಷ್ಟು ಒಮ್ಮೆಗೇ ಬರೆದು ಮುಗಿಸುತ್ತಿದ್ದೆವು. ಟೀಚರ್ ಕೆಂಪು ಶಾಯಿಯಲ್ಲಿ ರುಜು ಹಾಕುತ್ತಿದ್ದರು. ಆ ವರ್ಷ ನಮ್ಮ ಮನೆಯಲ್ಲಿ ಆದ ಯಾವ ಮುಖ್ಯವಾದ ಸಂಗತಿಯೂ ಆ ಪುಸ್ತಕದಲ್ಲಿಲ್ಲ. ಟೀಚರ್ ಓದುತ್ತಾರೆಂದು ಗೊತ್ತಿದ್ದ ಮೇಲೆ ಯಾರು ಬರೆಯುತ್ತಾರೆ?

ಇಂಜಿನಿಯರ್ ಅಪ್ಪ

ಆದರೆ ಬರೆಯದೆ ಓದಿದರೆ ಅರ್ಧ ಕಲಿಕೆ ಎಂದೇ ನನಗನಿಸುತ್ತದೆ. ನಾಳೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಪರೀಕ್ಷೆಗೆ ಕೂರುವಾಗ ನೆಟ್ಟಗೆ ಒಂದು ಪುಟ ಬರೆಯಲು ಬರಬೇಕಲ್ಲ. ಅದರ ಹತ್ತನೆಯ ತರಗತಿಗೆ 14 ವರ್ಷ ತುಂಬಿದರೆ ಸಾಕು, ಅಂದರೆ ಮೇಡಂ ಅವರ ಮಗಳಿಗೆ ಉಳಿದಿರುವುದು ಎರಡೇ ವರ್ಷ. ಅಮ್ಮನಿಗೆ ತೋರಿಸುವ ಪುಸ್ತಕ ಒಂದು, ತೋರಿಸದ ಪುಸ್ತಕ ಒಂದು ಇಟ್ಟರೆ ಹೇಗೆ?

ಮದ್ದೂರು ಸೊಸೆ

ತೋರಿಸದ ಪುಸ್ತಕವನ್ನು ನಿಜವಾಗಿಯೂ ತೆರೆದು ನೋಡದೆ ಇರುವ ತಾಯಂದಿರು ಎಷ್ಟು ಜನ ಇದ್ದಾರೆ ಸರ್? ಮೊದಲು ಅದನ್ನು ಹೇಳಿ.

ಸರಸ್ವತಿಪುರಂ ತಾಯಿ

ಕಷ್ಟದ ಪ್ರಶ್ನೆ. ನೋಡುವುದಿಲ್ಲ ಎಂದು ಮಾತು ಕೊಟ್ಟರೆ ನಾನು ನೋಡುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾರೆ, ಅವರ ಮಾತು ನಾನು ಕೊಡಲಾರೆ.

ಲೈಬ್ರರಿ ಇಲಿ

ಅಜ್ಜಿಯಿಂದ ಪಾರಾಗಲು ಸ್ಯಾಮ್ಯುಯೆಲ್ ಪೀಪ್ಸ್ ದಾರಿ ತೋರಿಸಿದ್ದಾನೆ. 1660ರಿಂದ 1669ರವರೆಗೆ ಲಂಡನ್ನಿನಲ್ಲಿ ಅವನು ಬರೆದ ದಿನಚರಿ ಹೆಚ್ಚುಕಡಿಮೆ ಇಡಿಯಾಗಿ ಶೀಘ್ರಲಿಪಿಯಲ್ಲಿದೆ. ಅದನ್ನು ಬಿಡಿಸಿ ಅಚ್ಚು ಮಾಡುವ ಹೊತ್ತಿಗೆ 1825 ಆಗಿತ್ತು. ಮಕ್ಕಳಿಗೆ ಇದನ್ನು ಹೇಳಿ, ನಿಮ್ಮದೇ ಒಂದು ಲಿಪಿ ಮಾಡಿಕೊಳ್ಳಿ ಎನ್ನಿ. ನಾವು ಚಿಕ್ಕವರಿದ್ದಾಗ ದೊಡ್ಡವರಿಗೆ ತಿಳಿಯಬಾರದೆಂದು ಪ್ರತಿ ಅಕ್ಷರದ ಹಿಂದೆ ಒಂದು ಕಕಾರ ಸೇರಿಸಿ "ಕನಾಕನು ಕಬಕರಕಲ್ಲ" ಎಂದು ಮಾತಾಡುತ್ತಿದ್ದೆವಲ್ಲ, ಅದನ್ನೇ ಬರೆದರೂ ಆಯಿತು, ಆದರೆ ಅಜ್ಜಿಗೂ ಅದು ಬರುತ್ತದೆ.

ಪೀಪ್ಸ್‌ನ ಇನ್ನೊಂದು ಭಾಗವೂ ಮಕ್ಕಳಿಗೆ ಇಷ್ಟವಾಗುತ್ತದೆ. 1666ರ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿಯುತ್ತಿದ್ದಾಗ ಅವನು ತೋಟದಲ್ಲಿ ಗುಂಡಿ ತೋಡಿ ದ್ರಾಕ್ಷಾರಸವನ್ನೂ ತನ್ನ ಪಾರ್ಮೆಸಾನ್ ಗಿಣ್ಣನ್ನೂ ಹೂತಿಟ್ಟ. ನಮ್ಮಲ್ಲಿ ಯಾರಾದರೂ ಮನೆ ಬಿಟ್ಟು ಓಡುವಾಗ ಉಪ್ಪಿನಕಾಯಿ ಭರಣಿಯನ್ನು ಹೂತಂತೆಯೇ. ಊರೇ ಉರಿಯುವಾಗ ನೀನು ಯಾವುದನ್ನು ಉಳಿಸಿಕೊಳ್ಳುತ್ತೀಯೆ ಎಂದು ಕೇಳಿದರೆ ಒಂದು ಸಂಜೆ ಪೂರ್ತಿ ಮಾತು ಸಾಗುತ್ತದೆ. ಆದರೆ ಪೀಪ್ಸ್‌ನ ಪೂರ್ಣ ಪಾಠವನ್ನು ಮಕ್ಕಳ ಕೈಗೆ ಕೊಡಬೇಡಿ, ಅವನ ಹೆಂಗಸರ ಪ್ರಸಂಗಗಳು ಬೇಕಾದಷ್ಟಿವೆ.

ನಾಲೆ ಬಯಲು

ನಾನು ಮಂಡ್ಯದ ಕಡೆಯ ರೈತ, ಮಗಳನ್ನು ಶಾಲೆಗೇ ಕಳಿಸುತ್ತೇನೆ, ಆದರೂ ಒಂದು ಮಾತು ಸೇರಿಸುತ್ತೇನೆ. ನೀವೆಲ್ಲ ಹೇಳುತ್ತಿರುವುದು ಮಾತು ಬಲ್ಲವರ ದಿನಚರಿಗಳನ್ನು. ನಮ್ಮ ತಾತನೂ ಬರೆಯುತ್ತಿದ್ದರು, ಆದರೆ ಅದರಲ್ಲಿ "ನನಗೆ ಬೇಸರವಾಯಿತು" ಎಂಬ ಒಂದು ಸಾಲೂ ಇಲ್ಲ. ಅಂಗಡಿಯವರು ಕೊಟ್ಟ ಪಾಕೆಟ್ ಡೈರಿಯಲ್ಲಿ "ಭರಣಿ ಮಳೆ, ಒಂದು ಉಕ್ಕೆ ಹದ", "ನಾಲೆಗೆ ನೀರು ಬಿಟ್ಟರು", "ಕಪ್ಪು ಹಸು ಈದಿತು, ಹೋರಿಕರು", "ಆಲೆಮನೆಗೆ ಕಬ್ಬು ಎರಡು ಗಾಡಿ" ಎಂದಿಷ್ಟೇ ಇರುತ್ತಿತ್ತು. ಪುಟದ ಅಂಚಿನಲ್ಲಿ ಕೂಲಿಯ ಲೆಕ್ಕ. ಅಜ್ಜಿ ತೀರಿಕೊಂಡ ದಿನ ಮಾತ್ರ ತಾರೀಖು ಹಾಕಿ ಏನನ್ನೂ ಬರೆದಿಲ್ಲ, ಆಮೇಲೆ ಹನ್ನೊಂದನೆಯ ದಿನದ ಖರ್ಚು ಬರುತ್ತದೆ. ಆ ಖಾಲಿ ಪುಟ ನೋಡಿ ನನ್ನ ಮಗಳು ಕೇಳಿದ ಪ್ರಶ್ನೆಗಳು ಯಾವ ಪುಸ್ತಕದ ಹಿಂದಿನ ಅಭ್ಯಾಸದಲ್ಲೂ ಇರಲಿಲ್ಲ.

ಪ್ರತಿ ಮನೆಯಲ್ಲೂ ಇಂಥದ್ದೇನಾದರೂ ಇರುತ್ತದೆ. ಕಿರ್ದಿ ಪುಸ್ತಕ, ಮದುವೆಯ ಮುಯ್ಯಿ ಬರೆದ ಪುಸ್ತಕ, ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರ್, ಒಂಟಿಕೊಪ್ಪಲ್ ಪಂಚಾಂಗದ ಅಂಚಿನ ಟಿಪ್ಪಣಿ, ಇವುಗಳನ್ನೂ ಓದಿಸಿ.

ಇನ್ನೊಂದು: ದಿನಾ ಪತ್ರಿಕೆಯಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಬರುತ್ತದೆ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನನ್ನ ಮಗಳು ಅದನ್ನು ಬರೆದುಕೊಂಡು ಪಕ್ಕದಲ್ಲಿ ನಮ್ಮ ನಾಲೆಯಲ್ಲಿ ನೀರು ಇದೆಯೋ ಇಲ್ಲವೋ ಎಂದು ಸೇರಿಸುತ್ತಾಳೆ. 2023ರಲ್ಲಿ ಅಣೆಕಟ್ಟೆ ತುಂಬಲಿಲ್ಲ, ಮರುವರ್ಷ ತುಂಬಿತು. ಎರಡೂ ವರ್ಷದ ಪುಟಗಳನ್ನು ಜೋಡಿಸಿಟ್ಟರೆ ಮಂಡ್ಯದಲ್ಲಿ ರಸ್ತೆ ತಡೆ ಯಾಕೆ ನಡೆಯುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಾಂಡವಪುರದ ಮೇಷ್ಟ್ರು

ಗೌಡರೇ, ಆ ಪಾಕೆಟ್ ಡೈರಿಗಳನ್ನು ಗೆದ್ದಲಿಗೆ ಬಿಡಬೇಡಿ. ಒಂದೊಂದು ಪುಟದ ಫೋಟೊ ತೆಗೆದಿಡಿ.

ವಿಜಯನಗರ ಮೂರನೇ ಹಂತ

ಇದುವರೆಗೆ ಬಂದ ಸಲಹೆಗಳಲ್ಲಿ ನನಗೆ ಸಂಪೂರ್ಣ ಒಪ್ಪಿಗೆಯಾದದ್ದು ಇದೊಂದೇ. ಆದರೆ ಇದರಲ್ಲೂ ಒಂದು ಎಚ್ಚರಿಕೆ ಬೇಕು. ದಿನಚರಿಯಲ್ಲಿ ಇದೆ ಎಂದ ಮಾತ್ರಕ್ಕೆ ನಿಜ ಎಂದು ಮಕ್ಕಳು ನಂಬಿಬಿಡುತ್ತಾರೆ, ದೊಡ್ಡವರೂ ನಂಬುತ್ತಾರೆ. 1983ರಲ್ಲಿ ಜರ್ಮನಿಯ ಸ್ಟರ್ನ್ ಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆ ಎಂದು ಭಾರಿ ಹಣ ತೆತ್ತು ಕೊಂಡು ಪ್ರಕಟಿಸಿತು. ಹೆಸರಾಂತ ಇತಿಹಾಸಕಾರರೊಬ್ಬರು ಮೊದಲಿಗೆ ಅಸಲಿ ಎಂದೂ ಹೇಳಿದರು. ಕಾಗದವನ್ನು ಪರೀಕ್ಷಿಸಿದಾಗ ಅದರಲ್ಲಿ ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ ರಾಸಾಯನಿಕ ಸಿಕ್ಕಿತು. ಕೊನ್ರಾಡ್ ಕುಯಾವ್ ಎಂಬವನು ಎಲ್ಲವನ್ನೂ ಕೂತು ಬರೆದಿದ್ದ. ಈ ಕಥೆಯನ್ನು ನಾನು ನನ್ನ ಮಗನಿಗೆ ಹೇಳಿದ ಮೇಲೆ ಅವನು ಇನ್ನು ಯಾವುದನ್ನೂ ನಂಬದ ಸ್ಥಿತಿಗೆ ಬಂದಿದ್ದಾನೆ, ಅದು ಬೇರೆ ಮಾತು.

ಗಂಜಾಂ ಹುಡುಗ

ಮಗ ಅಪ್ಪನಂತೆಯೇ ಇದ್ದಾನೆ.

ಮದ್ದೂರು ಸೊಸೆ

ಇಂಗ್ಲೆಂಡಿನ ಅನ್ವೇಷಕ ಸ್ಕಾಟ್ ಬರೆದ ದಕ್ಷಿಣ ಧ್ರುವದ ದಿನಚರಿಯನ್ನು ಯಾರೂ ಹೇಳಲಿಲ್ಲ. 1912ರ ಜನವರಿ 17ರಂದು ಅವನು ಅಲ್ಲಿಗೆ ತಲುಪಿದರೆ, ನಾರ್ವೆಯ ಅಮುಂಡ್ಸೆನ್ ಹಿಂದಿನ ಡಿಸೆಂಬರ್ 14ಕ್ಕೇ ಬಂದು ಬಾವುಟ ನೆಟ್ಟು ಹೋಗಿದ್ದ. ಹಿಂದಿರುಗುವ ದಾರಿಯಲ್ಲಿ ಡೇರೆಯೊಳಗೆ ಸಾಯುವವರೆಗೂ ಸ್ಕಾಟ್ ಬರೆದ, ಕೊನೆಯ ಪುಟಕ್ಕೆ ಮಾರ್ಚ್ 29ರ ತಾರೀಖು ಇದೆ. ನನ್ನ ಮಕ್ಕಳು ಭೂಪಟದ ಮೇಲೆ ಗುರುತು ಹಾಕುತ್ತಾ ಕೇಳಿದರು. ಮುಂದಿನ ಆಹಾರದ ಸಂಗ್ರಹ ಇನ್ನು ಹನ್ನೊಂದೇ ಮೈಲಿ ದೂರದಲ್ಲಿತ್ತು ಎಂದಾಗ ದೊಡ್ಡವನು ಎದ್ದು ಹೋಗಿಬಿಟ್ಟ. ಮಗುವಿನ ಸ್ವಭಾವ ನೋಡಿಕೊಂಡು ಓದಿಸಿ.

ಸರಸ್ವತಿಪುರಂ ತಾಯಿ

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ಬುಕಾನನ್, ಜಹಾಂಗೀರ್, ಪೀಪ್ಸ್ ಎಲ್ಲವೂ ನನಗೆ ಸಿಗುವುದು ಇಂಗ್ಲಿಷಿನಲ್ಲಿ, ಅದೂ ಹಳೆಯ ಇಂಗ್ಲಿಷ್. ಮಗಳು ಹೇಗೋ ಓದಿಕೊಳ್ಳುತ್ತಾಳೆ, ಮಗನಿಗೆ ಆಗದು. ಕನ್ನಡದಲ್ಲೇ ಇರುವ ದಿನಚರಿ ಯಾವುದಾದರೂ ಇದೆಯೇ?

ಹಳೆ ಕಡತ

ಕುವೆಂಪು ಅವರ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ನೋಡಿ. ಮೈಸೂರಿನ ವಿದ್ಯಾರ್ಥಿ ದಿನಗಳನ್ನು ಹೇಳುವಾಗ ಅವರು ತಮ್ಮ ಆಗಿನ ದಿನಚರಿಯ ಪುಟಗಳನ್ನೇ ಮುಂದಿಟ್ಟುಕೊಂಡು ಬರೆಯುತ್ತಾರೆ. ಪುಸ್ತಕ ದೊಡ್ಡದು, ಎಂಟು ವರ್ಷದವನಿಗೆ ಅಲ್ಲ. ಆದರೆ ಹರೆಯದಲ್ಲಿ ತಾನು ಬರೆದದ್ದನ್ನು ಮುಪ್ಪಿನಲ್ಲಿ ಓದುವ ಒಬ್ಬ ಮನುಷ್ಯ ಅದರಲ್ಲಿ ಏನನ್ನು ಒಪ್ಪುತ್ತಾನೆ, ಎಲ್ಲಿ ನಗುತ್ತಾನೆ ಎಂದು ಮಗಳಿಗೆ ತೋರಿಸಲು ಕೆಲವು ಪುಟಗಳು ಸಾಕು. ಅದರಲ್ಲಿ ಬರುವ ಕೆರೆ, ಬೀದಿಗಳಿಗೆ ನೀವು ನಡೆದೇ ಹೋಗಬಹುದು.

ಕುಕ್ಕರಹಳ್ಳಿ ದಂಡೆ

ಚಿಕ್ಕವನಿಗೆ ನೀವೇ ಓದಿಕೊಂಡು ಕನ್ನಡದಲ್ಲಿ ಹೇಳಿ. ಅಕ್ಷರ ಅಕ್ಷರ ಅನುವಾದ ಮಾಡುವ ಗೊಡವೆಗೆ ಹೋಗಬೇಡಿ. ಹೇಳಿದ ಮೇಲೆ ಅವನ ಬಾಯಿಂದ ಅದನ್ನು ಮತ್ತೆ ಹೇಳಿಸಿ ನೀವು ಬರೆದುಕೊಂಡರೆ ಅವನ ಕನ್ನಡ ಪಠ್ಯ ಸಿದ್ಧವಾಯಿತು.

ಇಂಜಿನಿಯರ್ ಅಪ್ಪ

ಹಾಗಾದರೆ ಕ್ರಮ ಏನು? ನನ್ನ ಪ್ರಕಾರ ಮನೆಯ ಕಿರ್ದಿ ಮೊದಲು, ಆಮೇಲೆ ಸಾರಸ, ಆಮೇಲೆ ಬುಕಾನನ್, ಕೊನೆಗೆ ಮಗಳಿಗೆ ಮಾತ್ರ ಆನ್ ಫ್ರಾಂಕ್.

ವಿಜಯನಗರ ಮೂರನೇ ಹಂತ

ಆನ್ ಫ್ರಾಂಕ್‌ಗಿಂತ ಮೊದಲು ಬೋಸ್ನಿಯಾದ ಸರಾಯೆವೊ ನಗರದ ಜ್ಲಾಟಾ ಫಿಲಿಪೊವಿಚ್ ಬರೆದದ್ದನ್ನು ಇಡಿ. 1991ರಲ್ಲಿ ಹತ್ತು ವರ್ಷದವಳಾಗಿದ್ದಾಗ ಬರೆಯಲು ಆರಂಭಿಸಿದಳು. ಮೊದಲ ಪುಟಗಳಲ್ಲಿ ಶಾಲೆ, ಪಿಯಾನೊ, ಟಿವಿ, ಸ್ವಲ್ಪ ದಿನಕ್ಕೆ ಶೆಲ್ ದಾಳಿ. ಆನ್ ತನ್ನ ದಿನಚರಿಯನ್ನು ಕಿಟ್ಟಿ ಎಂದು ಕರೆದಂತೆ ಇವಳು ಮಿಮ್ಮಿ ಎಂದು ಕರೆದಳು. ಇವಳು ಬದುಕಿ ಹೊರಬಂದಳು, ಈಗಲೂ ಇದ್ದಾಳೆ. ಅದು ಗೊತ್ತಿದ್ದರೆ ಮಗು ಓದುವ ರೀತಿಯೇ ಬೇರೆಯಾಗುತ್ತದೆ.

ಲೈಬ್ರರಿ ಇಲಿ

ಮೂರನೇ ಹಂತದವರು ಕೊನೆಗೂ ಒಂದು ಪುಸ್ತಕವನ್ನು ತಾವಾಗಿಯೇ ಸೂಚಿಸಿದ್ದಾರೆ.

ಪಾಂಡವಪುರದ ಮೇಷ್ಟ್ರು

ಅಮ್ಮಾ, ಬುಕಾನನ್‌ನ ಮೊದಲ ಸಂಪುಟ ಸಾಕು, ಉಳಿದೆರಡನ್ನು ಇಳಿಸಿಕೊಳ್ಳುವ ಅಗತ್ಯವಿಲ್ಲ. ಅವನು ಊರಿನ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಶ್ರೀರಂಗಪಟ್ಟಣವೇ ಸೆರಿಂಗಪಟಮ್ ಆಗಿದೆ. ಯಾವ ಊರು ಯಾವುದೆಂದು ಪತ್ತೆ ಹಚ್ಚುವ ಕೆಲಸವನ್ನು ಮಗಳಿಗೆ ಬಿಡಿ. ಅವನು ಶ್ರೀರಂಗಪಟ್ಟಣಕ್ಕೆ ಬಂದದ್ದು ಮೇ ತಿಂಗಳ ಬಿಸಿಲಿನಲ್ಲಿ, ನೀವು ಡಿಸೆಂಬರಿನಲ್ಲಿ ಬನ್ನಿ. ರಾಗಿ ಕೊಯ್ಲು ನಡೆದಿರುತ್ತದೆ, ಅವನು ಬರೆದ ಪುಟವನ್ನು ಹೊಲದ ಬದುವಿನ ಮೇಲೇ ನಿಂತು ಓದಿಸಬಹುದು. ಬರುವ ಮೊದಲು ಇಲ್ಲಿಯೇ ತಿಳಿಸಿ, ಅವನನ್ನು ತಿದ್ದಬಲ್ಲ ಇಬ್ಬರು ರೈತರನ್ನು ನಾನು ಕರೆಸಿರುತ್ತೇನೆ.

ನಾಲೆ ಬಯಲು

ಆ ಇಬ್ಬರಲ್ಲಿ ನಾನೊಬ್ಬ ಇರುತ್ತೇನೆ ಮೇಷ್ಟ್ರೇ. ಬುಧವಾರ ಮಾತ್ರ ಬೇಡ, ಅವತ್ತು ನಮ್ಮ ಸಾಲಿಗೆ ನೀರು.